ಅದುರುವ ಹಲಗೆಯ ಮೇಲೆ ನಿಂತರೆ ಮೂಳೆ ಗಟ್ಟಿಯಾದೀತೇ?

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವೈಬ್ರೇಶನ್ ಪ್ಲೇಟ್ ಬಗ್ಗೆ, ಅಂದರೆ ಮೇಲೆ ನಿಂತರೆ ಇಡೀ ಮೈಯನ್ನು ಅದುರಿಸುವ ಯಂತ್ರದ ಬಗ್ಗೆ. ಉತ್ತರಕ್ಕೆ ಮೊದಲು ಒಂದು ಮಾತು. ನಮ್ಮ ಕಡೆ ‘ಮೂಳೆ ಸವೆತ’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ಕಾಯಿಲೆಗೆ ಬಳಸುತ್ತಾರೆ. ಮಂಡಿಯ ಕೀಲಿನಲ್ಲಿರುವ ಮೆತ್ತನೆಯ ಪದರ ಸವೆದು ನೋಯುವುದು ಒಂದು. ಮೂಳೆಯ ಒಳಗಿನ ಜಾಲರಿ ತೆಳುವಾಗುತ್ತಾ, ನೋವಿನ ಸುಳಿವೇ ಕೊಡದೆ ಟೊಳ್ಳಾಗಿ, ಒಂದು ದಿನ ಸಣ್ಣ ಬೀಳಿಗೇ ಮುರಿಯುವುದು ಇನ್ನೊಂದು. ಇಲ್ಲಿನ ಉತ್ತರಗಳು ಎರಡನೆಯದಕ್ಕೆ, ಆಸ್ಟಿಯೊಪೊರೋಸಿಸ್‌ಗೆ ಸಂಬಂಧಿಸಿದವು.

ಪ್ರಶ್ನೆ: ನಮ್ಮ ತಾಯಿಗೆ 64 ವರ್ಷ. ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ –2.8, ಸೊಂಟದ ಕೀಲಿನದು –2.3 ಬಂದಿದೆ. ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದಿದ್ದಾರೆ. ಅಮ್ಮನಿಗೆ ಮಾತ್ರೆ ಎಂದರೆ ಹೆದರಿಕೆ. ‘ದಿನಕ್ಕೆ ಹತ್ತು ನಿಮಿಷ ನಿಂತರೆ ಒಂದು ಗಂಟೆ ನಡೆದಂತೆ, ಮೂಳೆ ಸಾಂದ್ರತೆ ಹೆಚ್ಚುತ್ತದೆ’ ಎಂಬ ಜಾಹೀರಾತು ನೋಡಿ ಮಾತ್ರೆಯ ಬದಲು ಪ್ಲೇಟ್ ತರಿಸೋಣ ಎನ್ನುತ್ತಾರೆ. ತರಿಸಬಹುದೇ? (ದಾವಣಗೆರೆ)

ಉತ್ತರ: ಮಾತ್ರೆಯ ಬದಲಿಗೆ ಎಂದಾದರೆ ಖಂಡಿತ ಬೇಡ. ಡೆಕ್ಸಾ ಎಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ, ಟಿ-ಸ್ಕೋರ್ ಎಂದರೆ ಆ ಸಾಂದ್ರತೆ ಆರೋಗ್ಯವಂತ ಯುವಜನರದ್ದಕ್ಕಿಂತ ಎಷ್ಟು ಮೇಲೆ ಕೆಳಗಿದೆ ಎಂಬ ಅಂಕಿ. ಅದು –2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ನಿಮ್ಮ ತಾಯಿಯ ಬೆನ್ನುಮೂಳೆ ಆ ಗೆರೆ ದಾಟಿದೆ. ಈ ಹಂತದಲ್ಲಿ ಮುರಿತ ತಡೆಯುತ್ತದೆ ಎಂದು ಸಾಬೀತಾಗಿರುವುದು ಔಷಧಿ. ಪ್ಲೇಟ್‌ಗೆ ಅಂಥ ಪುರಾವೆ ಇಲ್ಲ.

ಹಾಗಂತ ಈ ಯಂತ್ರದ ಹಿಂದಿನ ಯೋಚನೆ ಪೊಳ್ಳಲ್ಲ. ಮೂಳೆಯೊಳಗೆ ಹುದುಗಿರುವ ಕೋಶಗಳು ತಮ್ಮ ಮೇಲೆ ಬೀಳುವ ಒತ್ತಡವನ್ನು ಗುರುತಿಸುತ್ತವೆ. ಒತ್ತಡ ಬಿದ್ದ ಕಡೆ ಕಟ್ಟು, ಬೀಳದ ಕಡೆ ಕರಗಿಸು ಎಂದು ಸಂಕೇತ ಕಳಿಸುತ್ತವೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಮೂಳೆ ತೆಳುವಾಗುವುದು ಇದರಿಂದಲೇ. ಹಾಗಿದ್ದರೆ ಸಣ್ಣ ಅದುರನ್ನೇ ಸಾವಿರಾರು ಸಲ ಕೊಟ್ಟರೆ ಹೇಗೆ ಎಂದು ಕುರಿಗಳ ಮೇಲೆ ನೋಡಿದರು. ಹಿಂಗಾಲಿಗೆ ದಿನಕ್ಕೆ 20 ನಿಮಿಷ, ಸೆಕೆಂಡಿಗೆ 30 ಸಲ, ತೀರ ಮೆಲುವಾದ 0.3 ಜಿ (ಭೂಮಿಯ ಸೆಳೆತದ ಹತ್ತರಲ್ಲಿ ಮೂರು ಪಾಲು) ಬಲದಲ್ಲಿ ಅದುರಿಸಿದಾಗ, ಒಂದು ವರ್ಷದ ನಂತರ ತೊಡೆಮೂಳೆಯ ಒಳಜಾಲರಿಯ ಸಾಂದ್ರತೆ ಸುಮಾರು 34% ಹೆಚ್ಚಿತ್ತು. 2001 ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಇವತ್ತಿನ ಜಾಹೀರಾತುಗಳ ತಾಯಿಬೇರು.

ಕುರಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಕಾಣಲಿಲ್ಲ. ಟೊರಾಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರನ್ನು ಮೂರು ಗುಂಪು ಮಾಡಿ, ಎರಡು ಗುಂಪು ದಿನಕ್ಕೆ 20 ನಿಮಿಷದಂತೆ ಒಂದು ವರ್ಷ 0.3 ಜಿ ಪ್ಲೇಟ್ ಮೇಲೆ ನಿಲ್ಲುವಂತೆ ನೋಡಿಕೊಂಡರು. ಮೂರೂ ಗುಂಪಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದ್ದರು. 2011 ರಲ್ಲಿ ಬಂದ ಫಲಿತಾಂಶ: ನಿಂತವರಿಗೂ ನಿಲ್ಲದವರಿಗೂ ಮೂಳೆಯಲ್ಲಿ ವ್ಯತ್ಯಾಸವಿಲ್ಲ. 2015 ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 174 ಹಿರಿಯರು ಎರಡು ವರ್ಷ ದಿನಕ್ಕೆ 10 ನಿಮಿಷದ ಲೆಕ್ಕದಲ್ಲಿದ್ದರು, ಅರ್ಧದಷ್ಟು ಜನರಿಗೆ ಹುಸಿ ಯಂತ್ರ. ಅಲ್ಲೂ ಅಷ್ಟೇ. ಜೋರಾಗಿ ಅದುರುವ ಯಂತ್ರದಲ್ಲಿ ಬೆಲ್ಜಿಯಂನವರು 70 ಮಹಿಳೆಯರಿಗೆ ಆರು ತಿಂಗಳು ವ್ಯಾಯಾಮ ಮಾಡಿಸಿದಾಗ ಸೊಂಟದ ಕೀಲಿನಲ್ಲಿ 0.93% ಏರಿಕೆ ಸಿಕ್ಕಿತು, ಬೆನ್ನುಮೂಳೆಯಲ್ಲಿ ಏನೂ ಸಿಗಲಿಲ್ಲ. ನಿಮ್ಮ ತಾಯಿಗೆ ಹೆಚ್ಚು ತೆಳುವಾಗಿರುವುದು ಬೆನ್ನುಮೂಳೆಯೇ ಎಂಬುದನ್ನು ಮರೆಯಬೇಡಿ.

ಪ್ಲೇಟ್‌ನ ಪರವಾಗಿ ಹೇಳಬಹುದಾದ ಗಟ್ಟಿ ಸಂಗತಿ ಹಾಂಗ್‌ಕಾಂಗ್‌ನಿಂದ ಬಂದಿದೆ. ಅಲ್ಲಿ 710 ಮಹಿಳೆಯರ ಮೇಲೆ ಒಂದೂವರೆ ವರ್ಷ ನಡೆದ ಅಧ್ಯಯನದಲ್ಲೂ ಸಾಂದ್ರತೆ ಏರಲಿಲ್ಲ. ಆದರೆ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು ಪ್ಲೇಟ್ ಗುಂಪಿನಲ್ಲಿ ನೂರಕ್ಕೆ ಸುಮಾರು 19, ಇನ್ನೊಂದು ಗುಂಪಿನಲ್ಲಿ ಸುಮಾರು 29. ಕಾಲಿನ ಸ್ನಾಯುಗಳು ಚುರುಕಾಗಿ ಸಮತೋಲ ಸುಧಾರಿಸಿದ್ದು ಇದಕ್ಕೆ ಕಾರಣವಿರಬಹುದು. ಸೊಂಟ ಮುರಿಯುವುದು ಬಹುತೇಕ ಬಿದ್ದಾಗಲೇ ಆದ್ದರಿಂದ ಇದು ಸಣ್ಣ ಲಾಭವಲ್ಲ. ಮಾತ್ರೆ ಶುರು ಮಾಡಿ, ಡಾಕ್ಟರು ಒಪ್ಪಿದರೆ ಪ್ಲೇಟನ್ನು ಕಾಲಿನ ಬಲಕ್ಕೆ ಜೊತೆಗಿಟ್ಟುಕೊಳ್ಳಿ. ಅಮ್ಮನಿಗೆ ಮಾತ್ರೆಯ ಯಾವ ವಿಷಯಕ್ಕೆ ಹೆದರಿಕೆ ಎಂದು ಕೂತು ಕೇಳಿ, ಅದನ್ನೇ ಡಾಕ್ಟರ ಮುಂದೆ ಇಡಿ. ಹೆಚ್ಚಿನ ಸಲ ಅದು ಎದೆ ಉರಿಯ ಭಯ, ಅದಕ್ಕೆ ದಾರಿ ಇದೆ. ಕೊನೆಯ ಉತ್ತರ ನೋಡಿ.

ಪ್ರಶ್ನೆ: ಮಗ ಆನ್‌ಲೈನ್‌ನಲ್ಲಿ ಪ್ಲೇಟ್ ತರಿಸಿದ್ದಾನೆ. ರಿಮೋಟ್‌ನಲ್ಲಿ 1 ರಿಂದ 99 ರವರೆಗೆ ಸ್ಪೀಡ್ ಇದೆ, ಬೇರೇನೂ ಬರೆದಿಲ್ಲ. ಎಷ್ಟರಲ್ಲಿ ಇಡಬೇಕು? (ಚಳ್ಳಕೆರೆ)

ಉತ್ತರ: ಆ 1–99 ಕ್ಕೆ ಯಾವ ಅರ್ಥವೂ ಇಲ್ಲ. ಒಂದು ಕಂಪನಿಯ 40 ಇನ್ನೊಂದು ಕಂಪನಿಯ 40 ಅಲ್ಲ. ಬೇಕಾದದ್ದು ಎರಡು ಅಳತೆ: ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ (ಹರ್ಟ್ಜ್), ಮೇಲಿನ ತುದಿಯಿಂದ ಕೆಳತುದಿಗೆ ಎಷ್ಟು ಮಿಲಿಮೀಟರ್ ಹೋಗಿಬರುತ್ತದೆ. ಎರಡನ್ನೂ ಮನೆಯಲ್ಲೇ ಹಿಡಿಯಬಹುದು.

ಮಿಲಿಮೀಟರಿಗೆ: ಪ್ಲೇಟ್‌ನ ಅಂಚಿಗೆ ರಟ್ಟಿನ ತುಂಡನ್ನು ನೆಟ್ಟಗೆ ಅಂಟಿಸಿ. ಮನೆಯ ಗಟ್ಟಿಮುಟ್ಟಾದ ಯುವಕರೊಬ್ಬರು ಮೇಲೆ ನಿಲ್ಲಲಿ. ಖಾಲಿ ಪ್ಲೇಟ್ ಅಳೆಯಬೇಡಿ, ಭಾರ ಬಿದ್ದರೆ ಮೋಟಾರಿನ ಆಟ ಬದಲಾಗುತ್ತದೆ. ಪಕ್ಕದಲ್ಲಿ ನೆಲದ ಮೇಲೆ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಕೈಯೂರಿ ಪೆನ್ಸಿಲಿನ ಮೊನೆಯನ್ನು ಅಲ್ಲಾಡದಂತೆ ರಟ್ಟಿಗೆ ಮೆಲ್ಲಗೆ ತಾಗಿಸಿ. ಮೂಡುವ ಉದ್ದಗೆರೆಯೇ ಅಳತೆ. ಹರ್ಟ್ಜ್‌ಗೆ: ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇರುವಂತೆ, ಆ ಅಂಚನ್ನೇ ವಿಡಿಯೊ ಮಾಡಿ. ಒಂದು ಸಲ ಮೇಲೆ ಹೋಗಿ ಕೆಳಗೆ ಬರಲು 8 ಫ್ರೇಮ್ ಹಿಡಿದರೆ 240 ನ್ನು 8 ರಿಂದ ಭಾಗಿಸಿ, 30 ಹರ್ಟ್ಜ್.

ಈಗ ಲೆಕ್ಕ: ಮಿಲಿಮೀಟರ್ × ಹರ್ಟ್ಜ್ × ಹರ್ಟ್ಜ್ ÷ 500. ಬಂದ ಸಂಖ್ಯೆ ‘ಜಿ’, ಅಂದರೆ ಭೂಮಿಯ ಸೆಳೆತದ ಎಷ್ಟು ಪಟ್ಟು ಎಂದು. 2 ಮಿ.ಮೀ., 30 ಹರ್ಟ್ಜ್ ಆದರೆ 2 × 30 × 30 ÷ 500 = 3.6 ಜಿ. ಅದೇ 2 ಮಿ.ಮೀ.ಯನ್ನು 15 ಹರ್ಟ್ಜ್‌ಗೆ ಇಳಿಸಿದರೆ 0.9 ಜಿ. ಹರ್ಟ್ಜ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ‘ಇನ್ನೊಂದು ಸ್ವಲ್ಪ ಸ್ಪೀಡ್’ ಎಂದು ಗುಂಡಿ ಒತ್ತುವವರಿಗೆ ಅರಿವಿಲ್ಲದೆ ಏಟು ಬೀಳುವುದು ಇಲ್ಲೇ. 1 ಜಿ ದಾಟಿದೊಡನೆ ಹಲಗೆ ಕೆಳಗೆ ಓಡುವ ವೇಗಕ್ಕೆ ಪಾದ ಸಾಟಿಯಾಗದೆ ಹಿಮ್ಮಡಿ ಬಿಡುತ್ತದೆ, ಮರುಗಳಿಗೆ ಮೇಲೆ ಬರುವ ಹಲಗೆ ಬಂದು ಬಡಿಯುತ್ತದೆ. ಟೊಳ್ಳಾದ ಬೆನ್ನುಮೂಳೆಗೆ ಅದು ಸುತ್ತಿಗೆಯೇ.

ವೈದ್ಯಕೀಯ ಅಧ್ಯಯನಗಳಲ್ಲಿ ಬಳಸಿದ 0.3 ಜಿ, 30 ಹರ್ಟ್ಜ್ ಯಂತ್ರದ ಆಟ ಎಷ್ಟು ಗೊತ್ತೇ? ಸುಮಾರು 0.17 ಮಿ.ಮೀ. ಎರಡು ಹಾಳೆ ಕಾಗದದ ದಪ್ಪವೂ ಇಲ್ಲ. ನಿಮ್ಮ ರಟ್ಟಿನ ಮೇಲೆ ಕಣ್ಣಿಗೆ ಕಾಣುವಷ್ಟು ಗೆರೆ ಮೂಡಿದರೆ ಅದು ಆ ಜಾತಿಯ ಯಂತ್ರವಲ್ಲ, ಅಧ್ಯಯನದ ಹೆಸರು ಹೇಳಿ ಮಾರಿದ್ದರೂ ಅಲ್ಲ. ತಕ್ಕಡಿಯಂತೆ ಎಡ ಬಲಕ್ಕೆ ಓಲಾಡುವ ಪ್ಲೇಟ್ ಆದರೆ ಕಾಲು ಅಗಲಿಸಿದಷ್ಟೂ ಆಟ ಹೆಚ್ಚು. ಪಾದ ಇಡುವ ಜಾಗದಲ್ಲೇ ಅಳೆಯಿರಿ, ಆಸ್ಟಿಯೊಪೊರೋಸಿಸ್ ಇದ್ದವರು ಪಾದವನ್ನು ಪ್ಲೇಟ್‌ನ ನಡುಭಾಗಕ್ಕೆ ಹತ್ತಿರ ಇಡಲಿ.

ನಮ್ಮ ಖಚಿತ ಅಭಿಪ್ರಾಯ: ಮೂಳೆ ಟೊಳ್ಳಾಗಿದೆ ಎಂದು ಗೊತ್ತಿರುವವರು ಮನೆಯಲ್ಲಿ, ಯಾರ ನಿಗಾ ಇಲ್ಲದೆ, 1 ಜಿ ದಾಟಬಾರದು.

ಪ್ರಶ್ನೆ: ಪ್ಲೇಟ್ ಮೇಲೆ ನಿಂತರೆ ಹಲ್ಲು ಕಟಕಟ ಅನ್ನುತ್ತದೆ, ಇಳಿದ ಮೇಲೆ ಕಾಲೆಲ್ಲ ತುರಿಸುತ್ತದೆ. ಸರಿಯಾಗಿ ನಿಲ್ಲುವುದು ಹೇಗೆ, ಎಷ್ಟು ಹೊತ್ತು? (ಹರಿಹರ)

ಉತ್ತರ: ತುರಿಕೆಗೆ ಹೆದರಬೇಡಿ. ಚರ್ಮಕ್ಕೆ ರಕ್ತ ಜಾಸ್ತಿ ಹರಿದಾಗ ಹಾಗಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ. ಹಲ್ಲು ಕಟಕಟ ಅನ್ನುವುದು ಮಾತ್ರ ಅದುರು ತಲೆಯವರೆಗೆ ಏರುತ್ತಿದೆ ಎಂಬ ಸುಳಿವು. ನೀವು ಮಂಡಿಯನ್ನು ನೆಟ್ಟಗೆ ಬಿಗಿದು ನಿಲ್ಲುತ್ತಿದ್ದೀರಿ. ಮಂಡಿ ಮಡಿಸಿದರೆ ತೊಡೆಯ ಸ್ನಾಯು ಶಾಕ್ ಅಬ್ಸಾರ್ಬರ್ ಆಗಿ ಅದುರನ್ನು ಅಲ್ಲೇ ನುಂಗುತ್ತದೆ.

ಪ್ಲೇಟನ್ನು ಸಮತಟ್ಟಾದ ನೆಲದ ಮೇಲೆ, ಕಿಟಕಿಯ ಸರಳೋ ಗಟ್ಟಿ ಕಂಬಿಯೋ ಕೈಗೆ ಸಿಗುವಂತೆ ಇಡಿ. ದಪ್ಪ ಸೋಲಿನ ಶೂ ಬೇಡ, ತೆಳು ಸೋಲು ಸಾಕು. ಪಾದಗಳ ನಡುವೆ ಒಂದು ಗೇಣು. ಮಂಡಿಯನ್ನು 20–30 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕೂರಲು ಆಗಷ್ಟೇ ಬಗ್ಗಿದಷ್ಟು ಮಡಿಸಿ. ಭಾರ ಮುಂಗಾಲಿನ ಕಡೆಗಿರಲಿ, ಹಿಮ್ಮಡಿ ಎತ್ತುವುದು ಬೇಡ. ಬೆನ್ನು ನೆಟ್ಟಗೆ, ಕಣ್ಣು ಎದುರಿಗೆ. ಮೊದಲ ವಾರ 30 ಸೆಕೆಂಡು ನಿಂತು ಒಂದು ನಿಮಿಷ ಇಳಿದು ಸುಧಾರಿಸಿಕೊಳ್ಳಿ, ಹೀಗೆ ನಾಲ್ಕೈದು ಸಲ. ವಾರ ವಾರ ಏರಿಸುತ್ತಾ ಒಟ್ಟು ಹತ್ತು ನಿಮಿಷಕ್ಕೆ ತನ್ನಿ, ವಾರದಲ್ಲಿ ಮೂರು ದಿನ. ಆಗ ಮೇಲೆ ನಿಂತೇ ಮೆಲ್ಲಗೆ ಅರ್ಧ ಬಗ್ಗಿ ಏಳುವುದು, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುವುದು ಸೇರಿಸಬಹುದು. ಸುಮ್ಮನೆ ನಿಂತು ಫೋನ್ ನೋಡುವುದಕ್ಕಿಂತ ಇದರಿಂದ ಸ್ನಾಯುವಿಗೆ ಕೆಲಸ ಸಿಗುತ್ತದೆ.

ಅದರ ಮೇಲೆ ಕೂರಬೇಡಿ. ಕೂತರೆ ಕಾಲಿನ ತಡೆ ಇಲ್ಲದೆ ಅದುರು ಸೀದಾ ಬೆನ್ನುಮೂಳೆಗೆ ಹೋಗುತ್ತದೆ. ತಲೆಸುತ್ತು, ಕಣ್ಣು ಮಂಜು, ಬೆನ್ನಲ್ಲಿ ಚಳಕು, ಕಾಲು ಜೋಮು ಇವುಗಳಲ್ಲಿ ಯಾವುದು ಕಂಡರೂ ಆ ದಿನಕ್ಕೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಯಾರು ನಿಲ್ಲಲೇಬಾರದು? ನನಗೆ ಕಿಡ್ನಿಯಲ್ಲಿ ಕಲ್ಲಿದೆ, ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದ್ದೇನೆ. (ಚನ್ನಗಿರಿ)

ಉತ್ತರ: ಸದ್ಯ ನೀವು ಬೇಡ. ಕಲ್ಲು ಜರುಗಬಹುದು, ಕಣ್ಣಿನ ಗಾಯ ಪೂರ್ತಿ ಮಾಯಬೇಕು. ಹೊಸ ಮೂಳೆ ಮುರಿತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು, ಪೇಸ್‌ಮೇಕರ್, ಅಕ್ಷಿಪಟಲದ ತೊಂದರೆ, ಮೂರ್ಛೆರೋಗ, ಪಿತ್ತಕೋಶದ ಕಲ್ಲು, ಗರ್ಭಿಣಿಯರು, ಈಚೆಗೆ ಆಪರೇಷನ್ ಆದವರು, ಸೊಂಟ ಮಂಡಿಗೆ ಕೃತಕ ಕೀಲು ಹಾಕಿಸಿಕೊಂಡವರು, ಇವರಾರೂ ಡಾಕ್ಟರನ್ನು ಕೇಳದೆ ಹತ್ತಬಾರದು. ಇನ್ನೊಂದು, ಬಹಳ ಜನ ಗಮನಿಸದ ಸಂಗತಿ: ಯೌವನದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ.ನಷ್ಟು ಕುಗ್ಗಿದ್ದರೆ ಅಥವಾ ಬೆನ್ನು ಗೂನಾಗುತ್ತಿದ್ದರೆ ಮೊದಲು ಬೆನ್ನುಮೂಳೆಯ ಎಕ್ಸ್-ರೇ ಆಗಬೇಕು. ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಇಪ್ಪತ್ತೈದು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಾರೆ. ದಿನವಿಡೀ ಅದುರುತ್ತಲೇ ಇರುತ್ತಾರಲ್ಲ, ಅವರ ಮೂಳೆ ಗಟ್ಟಿ ಇರಬೇಕಲ್ಲವೇ? (ಹಿರಿಯೂರು)

ಉತ್ತರ: ಇಲ್ಲ ತಾಯಿ, ಆ ಅದುರೇ ಬೇರೆ. ಉಳುಮೆಯ ಹೊಲದಲ್ಲಿ ಟ್ರ್ಯಾಕ್ಟರ್ ಸೀಟು ನಿಧಾನವಾಗಿ, ದೊಡ್ಡದಾಗಿ, ಸೆಕೆಂಡಿಗೆ ಕೆಲವೇ ಸಲ ಕುಲುಕುತ್ತದೆ. ಕೂತ ಮನುಷ್ಯನ ನಡು ಸರಿಸುಮಾರು ಅದೇ ತಾಳಕ್ಕೆ, 4 ರಿಂದ 8 ಹರ್ಟ್ಜ್ ಆಸುಪಾಸಿನಲ್ಲಿ ತಾನೂ ಕುಣಿಯುತ್ತದೆ. ಉಯ್ಯಾಲೆಯನ್ನು ಅದರ ತಾಳಕ್ಕೇ ತಳ್ಳಿದಂತೆ ಪೆಟ್ಟು ಬಲಿಯುತ್ತದೆ. ಅದೂ ಹತ್ತು ನಿಮಿಷವಲ್ಲ, ಎಂಟು ಹತ್ತು ಗಂಟೆ. ಮೂಳೆ ಬಲಿಯುವ ಬದಲು ಬೆನ್ನಿನ ಡಿಸ್ಕ್ ಸೊರಗುತ್ತದೆ. ಯೂರೋಪಿನ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಮೈ ಅದುರಿನ ಮಿತಿ 1.15 ಮೀಟರ್ ಪ್ರತಿ ಸೆಕೆಂಡ್ ವರ್ಗ (ಅದುರಿನ ಜೋರನ್ನು ಅಳೆಯುವ ಮಾನ), 0.5 ದಾಟಿದೊಡನೆಯೇ ಮಾಲೀಕ ಕ್ರಮ ಕೈಗೊಳ್ಳಬೇಕು. ಸೀಟಿನ ಸ್ಪ್ರಿಂಗನ್ನು ಅವರ ತೂಕಕ್ಕೆ ಸರಿಹೊಂದಿಸಿ, ಗಾಲಿಯ ಗಾಳಿ ನೋಡಿ, ಬದು ಹತ್ತಿಳಿಸುವಾಗ ನಿಧಾನಿಸಲಿ, ಗಂಟೆಗೊಮ್ಮೆ ಇಳಿದು ಐದು ನಿಮಿಷ ಓಡಾಡಲಿ. ಇಳಿದ ತಕ್ಷಣ ಮೂಟೆ ಎತ್ತುವುದು ಬೇಡ.

ಪ್ರಶ್ನೆ: ನಮ್ಮವ್ವಗೆ ಮೈಕೈ ನೋವು, ಬೆನ್ನು ಬಗ್ಗಿಸಲು ಆಗದು. ಸ್ಕ್ಯಾನ್‌ನಲ್ಲಿ ಮೂಳೆ ಸಾಂದ್ರತೆ ಮಾಮೂಲಿಗಿಂತ ಜಾಸ್ತಿ ಎಂದು ಬಂತು. ಹಾಗಾದರೆ ಮೂಳೆ ಗಟ್ಟಿ ಇದೆ ಎಂದು ತಾನೇ ಅರ್ಥ? ಬೋರ್‌ವೆಲ್ ನೀರು ಕುಡಿಯುತ್ತೇವೆ. (ಜಗಳೂರು)

ಉತ್ತರ: ನೀರಿನ ವಿಷಯ ಬರೆದದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಜಗಳೂರಿನ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ವರ್ಷಗಟ್ಟಲೆ ಫ್ಲೋರೈಡ್ ಒಳಹೋದರೆ ಮೂಳೆ ಕಟ್ಟುವ ಕೋಶಗಳು ಮಿತಿಮೀರಿ ಕೆಲಸ ಮಾಡುತ್ತವೆ. ಸ್ಕ್ಯಾನ್‌ನಲ್ಲಿ ಸಾಂದ್ರತೆ ಏರುತ್ತದೆ, ಆದರೆ ಕಟ್ಟಿದ ಮೂಳೆಯ ಹೆಣಿಗೆ ಕೆಟ್ಟಿರುತ್ತದೆ. ಹಿಂದೆ ಫ್ಲೋರೈಡನ್ನೇ ಆಸ್ಟಿಯೊಪೊರೋಸಿಸ್‌ಗೆ ಔಷಧಿಯಾಗಿ ಕೊಟ್ಟು ನೋಡಿದ್ದರು. 1990 ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನಾಲ್ಕು ವರ್ಷದಲ್ಲಿ ಬೆನ್ನುಮೂಳೆಯ ಸಾಂದ್ರತೆ 35% ಏರಿತು, ಜೊತೆಗೆ ಕೈಕಾಲಿನ ಮೂಳೆ ಮುರಿತಗಳೂ ಹೆಚ್ಚಿದವು. ಸಾಂದ್ರತೆಯ ಅಂಕಿಯೇ ಬಲವಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಪ್ಲೇಟ್ ಮಾರುವವರು ತೋರಿಸುವ ಅಂಕಿಗೂ ಇದೇ ಮಾತು ಅನ್ವಯಿಸುತ್ತದೆ.

ಮಾಡಬೇಕಾದ್ದು: ಬೋರ್‌ವೆಲ್ ನೀರನ್ನು ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅಡುಗೆಗೂ ಬಳಸಿ. ಬೇಳೆ, ಮುದ್ದೆಯ ಎಸರಿನ ಮೂಲಕವೂ ಅದು ಒಳಹೋಗುತ್ತದೆ. ಅವ್ವಗೆ ಮುಂಗೈಯ ಎಕ್ಸ್-ರೇ ತೆಗೆಸಲು ಡಾಕ್ಟರನ್ನು ಕೇಳಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದರೆ ಫ್ಲೋರೋಸಿಸ್ ತಿಳಿಯುತ್ತದೆ. ಪ್ಲೇಟ್ ಅವರಿಗೆ ಬೇಡ.

ಪ್ರಶ್ನೆ: ಶಿಬಿರದಲ್ಲಿ ಹಿಮ್ಮಡಿ ಇಟ್ಟು ಪರೀಕ್ಷೆ ಮಾಡಿ –3 ಎಂದರು. ಮೂರು ತಿಂಗಳು ಪ್ಲೇಟ್ ಬಳಸಿದ ಮೇಲೆ ಅದೇ ಪರೀಕ್ಷೆಯಲ್ಲಿ –2.4 ಬಂತು. ಗುಣವಾಗುತ್ತಿದೆಯೇ? (ಹೊಸದುರ್ಗ)

ಉತ್ತರ: ಹೇಳಲಾಗದು. ಹಿಮ್ಮಡಿಯ ಅಲ್ಟ್ರಾಸೌಂಡ್ ಅನುಮಾನ ಹುಟ್ಟಿಸಲು ಸಾಕು, ರೋಗ ನಿರ್ಧರಿಸಲು ಅಥವಾ ಸುಧಾರಣೆ ಅಳೆಯಲು ಸಾಲದು. ಪಾದ ಇಟ್ಟ ಜಾಗ, ಹಚ್ಚಿದ ಜೆಲ್, ಚರ್ಮದ ಬಿಸಿ ಬದಲಾದರೂ ಅಂಕಿ ಬದಲಾಗುತ್ತದೆ. –2.5 ಎಂಬ ಗೆರೆ ಸೊಂಟ ಮತ್ತು ಬೆನ್ನಿನ ಡೆಕ್ಸಾಕ್ಕೆ ಹಾಕಿದ್ದು. ಅದಲ್ಲದೆ ಹಳೆ ಮೂಳೆಯನ್ನು ಕರಗಿಸಿ ಅದೇ ಜಾಗದಲ್ಲಿ ಹೊಸದು ಕಟ್ಟಿ ಮುಗಿಸಲು ಮೈಗೆ ನಾಲ್ಕರಿಂದ ಆರು ತಿಂಗಳು ಬೇಕು. ಈಗ ಡೆಕ್ಸಾ ಮಾಡಿಸಿ, ಮುಂದಿನದನ್ನು ಒಂದೆರಡು ವರ್ಷದ ಮೇಲೆ ಅದೇ ಸೆಂಟರಿನ ಅದೇ ಯಂತ್ರದಲ್ಲಿ ಮಾಡಿಸಿ. ಸುಮಾರು 3% ಒಳಗಿನ ಏರಿಳಿತ ಯಂತ್ರದ್ದೇ ಆಗಿರಬಹುದು.

ಪ್ರಶ್ನೆ: ಯಂತ್ರಕ್ಕೆ ದುಡ್ಡು ಹಾಕಲಾರೆ. ಮನೆಯಲ್ಲೇ ಏನು ಮಾಡಲಿ? ವಯಸ್ಸು 58, ಮುರಿತ ಆಗಿಲ್ಲ. (ಚಿತ್ರದುರ್ಗ)

ಉತ್ತರ: ನೀವು ಏನೂ ಕಳೆದುಕೊಂಡಿಲ್ಲ. ಮೂಳೆಗೆ ಭಾರ ಹೊರಿಸುವ ವ್ಯಾಯಾಮ ಪ್ಲೇಟ್‌ಗಿಂತ ಮುಂದಿದೆ. ಆಸ್ಟ್ರೇಲಿಯಾದಲ್ಲಿ 2018 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂಳೆ ತೆಳುವಾಗಿದ್ದ ಮಹಿಳೆಯರು ವಾರಕ್ಕೆರಡು ಸಲ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು, ಚೆನ್ನಾಗಿ ಭಾರ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ 2.9% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಿಗೆ 1.2% ಇಳಿಯಿತು. ಅಷ್ಟು ಭಾರ ಮನೆಯಲ್ಲಿ ಒಬ್ಬರೇ ಎತ್ತಬೇಡಿ, ಆದರೆ ದಾರಿ ಅದೇ.

ಗೋಡೆಗೆ ಆನಿಸಿದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಹತ್ತರಂತೆ ಎರಡು ಸಲ. ಸುಲಭವಾದರೆ ಎರಡು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿ ಮಾಡಿ. ಒಂದು ಲೀಟರ್ ನೀರು ಒಂದು ಕೆ.ಜಿ., ಬೇರೆ ತೂಕದ ಕಲ್ಲು ಬೇಡ. ಎಂಟರಿಂದ ಹನ್ನೆರಡನೇ ಸಲಕ್ಕೆ ಕಷ್ಟವಾಗುವಷ್ಟು ಭಾರವಿರಲಿ, ಸಲೀಸಾದರೆ ಏರಿಸಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ‘ಧಡ್’ ಎಂದು ನೆಲಕ್ಕೆ ಬಿಡುವುದು, ಹತ್ತರಿಂದ ಇಪ್ಪತ್ತು ಸಲ. ಈ ಚಿಕ್ಕ ಏಟು ಸೊಂಟದ ಮೂಳೆಗೆ ಬೇಕಾದ ಸಂಕೇತ. ಬೆನ್ನುಮೂಳೆ ಕುಸಿದವರು ಮಾತ್ರ ಇದನ್ನು ಬಿಡಬೇಕು. ಹಲ್ಲುಜ್ಜುವಾಗ ಒಂದೊಂದು ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ, ಒಂದು ಕೈ ಗೋಡೆಯ ಹತ್ತಿರ ಇರಲಿ.

ಬಿಡಬೇಕಾದ್ದು ನಡುವಿನಲ್ಲಿ ಗುಂಡಾಗಿ ಬಗ್ಗುವುದು. ಮೋಟು ಪೊರಕೆಯಲ್ಲಿ ಗುಡಿಸುವುದು, ನಿಂತಲ್ಲೇ ಬಗ್ಗಿ ತುಂಬಿದ ಕೊಡ ಎತ್ತುವುದು, ಕಾಲ್ಬೆರಳು ಮುಟ್ಟುವ ಆಸನ, ಇವೆಲ್ಲ ಬೆನ್ನುಮೂಳೆಯ ಮುಂಭಾಗವನ್ನು ಹಿಂಡುತ್ತವೆ. ಉದ್ದ ಹಿಡಿಯ ಪೊರಕೆ ತನ್ನಿ. ಕೊಡವನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು ತುಂಬಿಸಿ.

ಊಟದಲ್ಲಿ ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240. ಎರಡು ಹೊತ್ತು ಮುದ್ದೆ, ಎರಡು ಲೋಟ ಹಾಲು ಮೊಸರು, ನುಗ್ಗೆ ಸೊಪ್ಪು, ಎಳ್ಳು ಸೇರಿದರೆ ಹೆಚ್ಚುಪಾಲು ತುಂಬುತ್ತದೆ. ಮೊಳಕೆ ಬರಿಸಿದ ರಾಗಿಯಾದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಪ್ರಶ್ನೆ: ವಾರದ ಮಾತ್ರೆ ನುಂಗಿದರೆ ಎದೆ ಉರಿ. ಅಕ್ಕನಿಗೆ ಆರು ತಿಂಗಳಿಗೊಂದು ಇಂಜೆಕ್ಷನ್, ಅವಳು ಪ್ಲೇಟ್ ಬಂತೆಂದು ಈ ಸಲದ್ದು ಬಿಟ್ಟಿದ್ದಾಳೆ. (ಹೊಳಲ್ಕೆರೆ)

ಉತ್ತರ: ಮೊದಲು ಅಕ್ಕನ ವಿಷಯ. ಅದು ಡೆನೊಸುಮ್ಯಾಬ್ 60 ಮಿ.ಗ್ರಾಂ ಆಗಿದ್ದರೆ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆ ಔಷಧಿ ಮೈಯಲ್ಲಿ ಉಳಿಯುವುದಿಲ್ಲ. ತಡವಾದರೆ ತಡೆಹಿಡಿದಿದ್ದ ಮೂಳೆ ಕರಗುವಿಕೆ ಒಮ್ಮೆಲೇ ನುಗ್ಗಿ, ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿದ ಉದಾಹರಣೆಗಳಿವೆ. ನಿಲ್ಲಿಸಲೇಬೇಕೆಂದರೆ ಡಾಕ್ಟರು ಬೇರೆ ಔಷಧಿಗೆ ಬದಲಿಸಿಯೇ ನಿಲ್ಲಿಸುತ್ತಾರೆ.

ನಿಮ್ಮ ಮಾತ್ರೆ ಅಲೆಂಡ್ರೊನೇಟ್ 70 ಮಿ.ಗ್ರಾಂ ಆದರೆ, ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರಿ ನೀರಿನ ಜೊತೆ ನುಂಗಿ. ಚಹಾ, ಕಾಫಿ, ಹಾಲು ಆಗದು. ಆಮೇಲೆ ಅರ್ಧ ಗಂಟೆ ಮಲಗಬೇಡಿ, ಬಗ್ಗಬೇಡಿ, ಏನೂ ತಿನ್ನಬೇಡಿ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ, ಉರಿ ಬರುವುದು ಅದರಿಂದ. ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿಯೂ ಉರಿ ನಿಲ್ಲದಿದ್ದರೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ ಇಂಜೆಕ್ಷನ್ ಇದೆ. ಅದಕ್ಕೆ ಮೊದಲು ಕಿಡ್ನಿಯ ಕ್ರಿಯಾಟಿನಿನ್, ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಆಗಬೇಕು, ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿಕೊಳ್ಳಿ.